ಡೈನೊ ಶೀಟ್ ಓದೋದು ಹೇಗೆ? ಬೈಕ್ ಟ್ಯೂನಿಂಗ್, ಇ20 ಪೆಟ್ರೋಲ್ ಮತ್ತು ಕಾನೂನಿನ ಲೆಕ್ಕ

2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ವೇದಿಕೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಕೊಟ್ಟರು. ಇ20 ಅಂದರೆ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಈ ಗುರಿಗೆ ಮೊದಲು ಇಟ್ಟುಕೊಂಡಿದ್ದ ಗಡುವು 2030. ಅದನ್ನು 2025ಕ್ಕೆ ಎಳೆದು ತರಲಾಯಿತು. 2025ರ ಆಗಸ್ಟ್ ಹೊತ್ತಿಗೆ "ಮೈಲೇಜ್ ಬಿದ್ದೋಯ್ತು, ಪಿಕಪ್ ಇಲ್ಲ" ಅನ್ನೋ ದೂರು ಸೋಷಿಯಲ್ ಮೀಡಿಯಾ ತುಂಬಾ ಹರಿದಾಡಿತು. ಎಥನಾಲ್ ಬೆರೆಸದ ಪೆಟ್ರೋಲ್ ಆಯ್ಕೆಯೂ ಇರಲಿ ಎಂದು ಕೋರಿದ ಅರ್ಜಿಯನ್ನು ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು.

ಈ ಜಗಳದಲ್ಲಿ ಎರಡೂ ಕಡೆಯವರ ಬಳಿ ಅಭಿಪ್ರಾಯಗಳಿಗೆ ಬರ ಇರಲಿಲ್ಲ, ಅಳತೆಗೆ ಇತ್ತು. ಎಂಜಿನ್ ಎಷ್ಟು ಕೆಲಸ ಮಾಡುತ್ತಿದೆ, ಎಷ್ಟು ಇಂಧನ ಸುಡುತ್ತಿದೆ ಅಂತ ಅಳೆಯೋಕೆ ಒಂದು ಯಂತ್ರವಿದೆ. ಅದೇ ಡೈನೊ. ಸ್ಪೋರ್ಟ್ಸ್ ಬೈಕ್ ಹುಡುಗರಿಗೆ ಇದು "ಎಷ್ಟು ಹಾರ್ಸ್‌ಪವರ್?" ಎಂದು ಕೇಳುವ ಜಾಗ, ಸರ್ಕಾರಕ್ಕೆ ಬೈಕ್‌ನ ಹೊಗೆ ಅಳೆಯುವ ಜಾಗ. ಅದು ಹೇಗೆ ಕೆಲಸ ಮಾಡುತ್ತೆ, ಇಂಧನ ಟ್ಯೂನಿಂಗ್ ಅಂದ್ರೇನು, ಇ20 ಬಂದ ಮೇಲೆ ಏನು ಬದಲಾಯಿತು, ಕಾನೂನು ಏನು ಹೇಳುತ್ತೆ? ಒಂದೊಂದಾಗಿ ನೋಡೋಣ.

ಡೈನೊ ಅಂದ್ರೆ ಏನು?

ಪೂರ್ತಿ ಹೆಸರು ಡೈನಮೋಮೀಟರ್. ಬೈಕ್‌ನ ಮುಂದಿನ ಚಕ್ರವನ್ನು ಬಿಗಿಯಾಗಿ ಕಟ್ಟಿ, ಹಿಂದಿನ ಚಕ್ರವನ್ನು ಭಾರೀ ಉಕ್ಕಿನ ಡ್ರಮ್ ಮೇಲೆ ನಿಲ್ಲಿಸುತ್ತಾರೆ. ಬೈಕ್ ನಿಂತಲ್ಲೇ ಓಡುತ್ತೆ, ಡ್ರಮ್ ತಿರುಗುತ್ತೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಇನರ್ಷಿಯಾ ಡೈನೊ. ಡ್ರಮ್ ತಿರುಗಲು ಒಡ್ಡುವ ಜಡತ್ವ ಎಷ್ಟೆಂದು ಮೊದಲೇ ಗೊತ್ತಿರುತ್ತೆ. ಅದು ಎಷ್ಟು ಬೇಗ ವೇಗ ಹೆಚ್ಚಿಸಿಕೊಂಡಿತು ಅನ್ನೋದರಿಂದ ಟಾರ್ಕ್ ಲೆಕ್ಕ ಹಾಕುತ್ತಾರೆ. ಎರಡನೆಯದರಲ್ಲಿ ಡ್ರಮ್‌ಗೆ ವಿದ್ಯುತ್ ಬ್ರೇಕ್ ಇರುತ್ತೆ. ಎಂಜಿನ್ ಅನ್ನು, ಉದಾಹರಣೆಗೆ, 5,000 ಆರ್‌ಪಿಎಂನಲ್ಲಿ, ಥ್ರಾಟಲ್ ಶೇ. 20ರಷ್ಟು ಮಾತ್ರ ತೆರೆದು ಹಾಗೇ ಹಿಡಿದಿಟ್ಟು ನೋಡಬಹುದು. ಗರಿಷ್ಠ ಪವರ್ ತಿಳಿಯಲು ಮೊದಲನೆಯದು ಸಾಕು. ಇಂಧನ ಟ್ಯೂನ್ ಮಾಡಲು ಎರಡನೆಯದೇ ಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಯಾರೂ ಫುಲ್ ಥ್ರಾಟಲ್ ಕೊಡಲ್ಲ ತಾನೆ?

ಅಳೆಯೋದು ಟಾರ್ಕ್, ಅಂದರೆ ತಿರುಗಿಸುವ ಬಲ. ಪವರ್ ಅದರಿಂದ ಬರುವ ಲೆಕ್ಕ: ಟಾರ್ಕ್ ಅನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತೆ. ಯಮಹಾ ಆರ್15 ವಿ4 ಉದಾಹರಣೆ ತಗೊಳ್ಳಿ. ಕಂಪನಿ ಹೇಳುವ ಪ್ರಕಾರ ಗರಿಷ್ಠ ಟಾರ್ಕ್ 7,500 ಆರ್‌ಪಿಎಂನಲ್ಲಿ 14.2 ನ್ಯೂಟನ್ ಮೀಟರ್. ಅಲ್ಲಿ ಪವರ್ ಸುಮಾರು 15 ಪಿಎಸ್ ಮಾತ್ರ. ಗರಿಷ್ಠ ಪವರ್ 18.4 ಪಿಎಸ್ ಸಿಗೋದು 10,000 ಆರ್‌ಪಿಎಂನಲ್ಲಿ. ಅಲ್ಲಿಗೆ ಟಾರ್ಕ್ 13ರ ಹತ್ತಿರಕ್ಕೆ ಇಳಿದಿರುತ್ತೆ. ಟಾರ್ಕ್ ಇಳಿದರೂ ತಿರುಗುವ ವೇಗ ಹೆಚ್ಚಿರುವುದರಿಂದ ಪವರ್ ಏರುತ್ತೆ. ಡೈನೊ ಶೀಟ್‌ನ ಎರಡು ಗೆರೆಗಳ ಕಥೆ ಇಷ್ಟೇ.

ಕಂಪನಿ ಹೇಳಿದ್ದೊಂದು, ಶೀಟ್ ತೋರಿಸೋದೊಂದು. ಮೋಸವಾ?

ಬಹುತೇಕ ಸಲ ಅಲ್ಲ. ಕಂಪನಿ ಹೇಳೋದು ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್‌ನಲ್ಲಿ ಸಿಗುವ ಪವರ್. ಡೈನೊ ಅಳೆಯೋದು ಹಿಂದಿನ ಚಕ್ರಕ್ಕೆ ತಲುಪಿದ ಪವರ್. ನಡುವೆ ಗೇರ್‌ಬಾಕ್ಸ್, ಚೈನ್, ಟೈರ್ ಎಲ್ಲ ತಮ್ಮ ಪಾಲು ತಿನ್ನುತ್ತವೆ. ಸಾಮಾನ್ಯವಾಗಿ ಶೇ. 10ರಿಂದ 15ರಷ್ಟು ಹೋಗುತ್ತೆ. 18.4 ಅಂದಿದ್ದು 16ರ ಆಸುಪಾಸು ಬಂದರೆ ಗಾಬರಿ ಬೇಡ.

ಇನ್ನೊಂದು ಲೆಕ್ಕ ಗಾಳಿಯದ್ದು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಎಂಜಿನ್ ಉಸಿರಾಡುವ ಗಾಳಿ ಅಷ್ಟು ಕಡಿಮೆಯಾದರೆ ಪವರ್ ಕೂಡ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತೆ. ಮಂಗಳೂರಲ್ಲಿ 40 ಹಾರ್ಸ್‌ಪವರ್ ಕೊಟ್ಟ ಬೈಕ್ ಬೆಂಗಳೂರಲ್ಲಿ 36 ತೋರಿಸಬಹುದು. ಇದನ್ನು ಸರಿದೂಗಿಸಲು ಡೈನೊ ಸಾಫ್ಟ್‌ವೇರ್ ಒತ್ತಡ, ಉಷ್ಣತೆ, ತೇವಾಂಶ ನೋಡಿ ಕರೆಕ್ಷನ್ ಹಾಕುತ್ತೆ. ಅದರಲ್ಲೂ ಒಂದಕ್ಕಿಂತ ಹೆಚ್ಚು ಮಾನದಂಡಗಳಿವೆ: ಎಸ್‌ಎಇ ಮಾನದಂಡಕ್ಕೆ ಹೋಲಿಸಿದರೆ ಎಸ್‌ಟಿಡಿ ಸುಮಾರು ಶೇ. 4ರಷ್ಟು ಹೆಚ್ಚು ತೋರಿಸುತ್ತೆ. "ಮೊದಲು" ಶೀಟ್ ಎಸ್‌ಎಇಯಲ್ಲಿ, "ನಂತರ" ಶೀಟ್ ಎಸ್‌ಟಿಡಿಯಲ್ಲಿ ಪ್ರಿಂಟ್ ಮಾಡಿದರೆ, ಸ್ಪ್ಯಾನರ್ ಮುಟ್ಟದೇ ಪವರ್ ಹೆಚ್ಚಿಸಿದ ಹಾಗೆ! ಟೈರ್ ಪ್ರೆಶರ್, ಬೆಲ್ಟ್ ಬಿಗಿತ, ಎಂಜಿನ್ ಬಿಸಿ, ಯಾವ ಗೇರ್ ಅನ್ನೋದು ಕೂಡ ಅಂಕಿಯನ್ನು ಬದಲಿಸುತ್ತವೆ. ಅದೇ ಡೈನೊ, ಅದೇ ದಿನ, ಅದೇ ಕರೆಕ್ಷನ್ ಇದ್ದರೆ ಮಾತ್ರ ಎರಡು ಶೀಟ್‌ಗಳ ಹೋಲಿಕೆಗೆ ಅರ್ಥ.

ಇಂಧನ ಟ್ಯೂನಿಂಗ್ ಅಂದ್ರೆ?

ಒಂದು ಗ್ರಾಂ ಶುದ್ಧ ಪೆಟ್ರೋಲ್ ಪೂರ್ತಿ ಸುಡಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಇದಕ್ಕಿಂತ ಹೆಚ್ಚಾದರೆ ಮಿಶ್ರಣ "ರಿಚ್", ಕಡಿಮೆಯಾದರೆ "ಲೀನ್". ಗರಿಷ್ಠ ಪವರ್ ಸಿಗೋದು ಸ್ವಲ್ಪ ರಿಚ್ ಇದ್ದಾಗ, 13ರ ಆಸುಪಾಸಿನಲ್ಲಿ. ತೀರಾ ರಿಚ್ ಆದರೆ ಪೆಟ್ರೋಲ್ ವ್ಯರ್ಥ, ಕಾರ್ಬನ್ ಮಾನಾಕ್ಸೈಡ್ ಹೆಚ್ಚು. ಭಾರ ಬಿದ್ದಾಗ ಲೀನ್ ಆದರೆ ಎಂಜಿನ್ ಕಾಯುತ್ತೆ, ನಾಕಿಂಗ್ ಬರುತ್ತೆ.

ಯೆಜ್ಡಿ, ಆರ್‌ಎಕ್ಸ್100 ಕಾಲದಲ್ಲಿ ಈ ಕೆಲಸ ಕಾರ್ಬ್ಯುರೇಟರ್‌ನದ್ದು. ಮೆಕ್ಯಾನಿಕ್ ಜೆಟ್ ಬದಲಿಸಿ, ಸ್ಕ್ರೂ ತಿರುಗಿಸಿ, ಸ್ಪಾರ್ಕ್ ಪ್ಲಗ್ ಬಣ್ಣ ನೋಡಿ, ಕಿವಿಗೊಟ್ಟು ಕೇಳಿ ಹೇಳುತ್ತಿದ್ದ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಬಹುತೇಕ ಎಲ್ಲ ಹೊಸ ಬೈಕ್‌ಗಳಿಗೂ ಫ್ಯೂಯೆಲ್ ಇಂಜೆಕ್ಷನ್ ಬಂತು. ಈಗ ನಿರ್ಧಾರ ಇಸಿಯು ಎಂಬ ಪುಟ್ಟ ಕಂಪ್ಯೂಟರ್‌ನದ್ದು. ಅದರೊಳಗೆ ಮಗ್ಗಿ ಪುಸ್ತಕದಂಥ ಒಂದು ಪಟ್ಟಿ ಇರುತ್ತೆ: ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಥ್ರಾಟಲ್, ಪ್ರತಿ ಮನೆಯಲ್ಲೂ ಎಷ್ಟು ಇಂಧನ ಸಿಂಪಡಿಸಬೇಕೆಂಬ ಸಂಖ್ಯೆ. ಇದನ್ನೇ ಮ್ಯಾಪ್ ಅನ್ನೋದು.

ನಿಧಾನಕ್ಕೆ ಓಡುವಾಗ ಸೈಲೆನ್ಸರ್ ಪೈಪ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ತನ್ನನ್ನು ತಾನೇ ತಿದ್ದಿಕೊಳ್ಳುತ್ತೆ. ಇದು ಕ್ಲೋಸ್ಡ್ ಲೂಪ್. ಆಕ್ಸಲರೇಟರ್ ಪೂರ್ತಿ ತಿರುಗಿಸಿದಾಗ ಅದು ಸೆನ್ಸರ್ ಮಾತು ಬಿಟ್ಟು ಪಟ್ಟಿಯನ್ನೇ ನಂಬುತ್ತೆ. ಇದು ಓಪನ್ ಲೂಪ್. ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡೋದು ಮಿಶ್ರಣ ಕರಾರುವಾಕ್ಕಾಗಿ ಇದ್ದಾಗ ಮಾತ್ರ. ಹಾಗಾಗಿ ಕಂಪನಿಗಳು ಕೆಳಗಿನ ಆರ್‌ಪಿಎಂನಲ್ಲಿ ರಿಚ್ ಮಾಡಲು ಹೋಗೋದಿಲ್ಲ. ನಿಧಾನ ಟ್ರಾಫಿಕ್‌ನಲ್ಲಿ ಕೆಲವು ಬೈಕ್‌ಗಳು ಎಳೆದಾಡೋದಕ್ಕೆ ಇದೂ ಒಂದು ಕಾರಣ.

ಸೈಲೆನ್ಸರ್ ಅಥವಾ ಏರ್ ಫಿಲ್ಟರ್ ಬದಲಿಸಿದಾಗ ಗಾಳಿಯ ಹರಿವು ಬದಲಾಗುತ್ತೆ, ಹಳೆಯ ಪಟ್ಟಿ ಹೊಂದಲ್ಲ. ಆಗ ಟ್ಯೂನರ್ ಡೈನೊ ಮೇಲೆ ಒಂದೊಂದೇ ಮನೆಯಲ್ಲಿ ಎಂಜಿನ್ ಹಿಡಿದಿಟ್ಟು, ವೈಡ್‌ಬ್ಯಾಂಡ್ ಸೆನ್ಸರ್ ರೀಡಿಂಗ್ ನೋಡಿ ಸಂಖ್ಯೆ ತಿದ್ದುತ್ತಾ ಹೋಗುತ್ತಾರೆ. ದಾರಿ ಎರಡು: ಇಸಿಯು ಮತ್ತು ಇಂಜೆಕ್ಟರ್ ನಡುವೆ ಪವರ್ ಕಮಾಂಡರ್‌ನಂಥ ಪಿಗ್ಗಿಬ್ಯಾಕ್ ಪೆಟ್ಟಿಗೆ ಕೂರಿಸುವುದು, ಅಥವಾ ಇಸಿಯುನಲ್ಲಿರುವ ಮ್ಯಾಪನ್ನೇ ತಿದ್ದಿ ಬರೆಯುವುದು.

ಲಾಭ ಎಷ್ಟು? ಟರ್ಬೊ ಇಲ್ಲದ ಎಂಜಿನ್‌ನ ಪವರ್‌ಗೆ ಮಿತಿ ಹಾಕೋದು ಅದು ಎಳೆದುಕೊಳ್ಳುವ ಗಾಳಿ. ಬರೀ ಮ್ಯಾಪ್ ಬದಲಿಸಿದರೆ ಗರಿಷ್ಠ ಪವರ್‌ನಲ್ಲಿ ಸಾಮಾನ್ಯವಾಗಿ ಕೆಲವೇ ಶೇಕಡಾ ಏರಿಕೆ. ನಿಜವಾದ ಬದಲಾವಣೆ ಗೊತ್ತಾಗೋದು ಮಧ್ಯದ ಆರ್‌ಪಿಎಂನ ಓಟದಲ್ಲಿ. "ಬರೀ ಮ್ಯಾಪ್‌ನಿಂದ ಶೇ. 20 ಹೆಚ್ಚು" ಅಂತ ಯಾರಾದ್ರೂ ಹೇಳಿದರೆ ಎರಡೂ ಶೀಟ್ ತೋರಿಸಿ ಅನ್ನಿ.

ಇ20 ಬಂದಾಗ ಈ ಪಟ್ಟಿಗೆ ಏನಾಗುತ್ತೆ?

ಎಥನಾಲ್ ಒಳಗೇ ಆಕ್ಸಿಜನ್ ಇದೆ. ಅದಕ್ಕೆ 9 ಪಾಲು ಗಾಳಿ ಸಾಕು. ಹಾಗಾಗಿ ಇ10ಗೆ ಸರಿಯಾದ ಅನುಪಾತ 14.1ರ ಹತ್ತಿರ, ಇ20ಗೆ 13.5ರ ಹತ್ತಿರ. ಅಂದರೆ ಅಷ್ಟೇ ಗಾಳಿಗೆ ಸುಮಾರು ಶೇ. 4ರಷ್ಟು ಹೆಚ್ಚು ಇಂಧನ ಬೇಕು. ಕ್ಲೋಸ್ಡ್ ಲೂಪ್‌ನಲ್ಲಿ ಸೆನ್ಸರ್ ಇದನ್ನು ಗುರುತಿಸಿ ಸರಿಮಾಡುತ್ತೆ. ಇ10ಗೆ ಬರೆದ ಪಟ್ಟಿ ಓಪನ್ ಲೂಪ್‌ನಲ್ಲಿ ಅದೇ ಹಳೆಯ ಸಂಖ್ಯೆ ಓದಿದರೆ ಮಿಶ್ರಣ ಲೀನ್ ಕಡೆ ಜಾರುತ್ತೆ. ಕಾರ್ಬ್ಯುರೇಟರ್ ಬೈಕ್‌ಗೆ ಸೆನ್ಸರೇ ಇಲ್ಲ, ಎಲ್ಲ ಹೊತ್ತೂ ಜಾರುತ್ತೆ.

ಮೈಲೇಜ್ ಮಾತು ಕಲ್ಪನೆಯಲ್ಲ. ಲೀಟರ್ ಲೆಕ್ಕದಲ್ಲಿ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಕಡಿಮೆ. ನೀತಿ ಆಯೋಗದ 2021ರ ಎಥನಾಲ್ ಮಾರ್ಗಸೂಚಿ ವರದಿಯೇ, ಇ0ಗೆ ವಿನ್ಯಾಸಗೊಂಡು ಇ10ಗೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಇಂಧನ ಕ್ಷಮತೆ ಶೇ. 3ರಿಂದ 4ರಷ್ಟು ಇಳಿಯುತ್ತೆ ಎಂದು ಬರೆದಿತ್ತು. ಲೀಟರ್‌ಗೆ 40 ಕಿ.ಮೀ. ಕೊಡುವ ಬೈಕ್‌ನಲ್ಲಿ ಅದು ಒಂದೂವರೆ ಕಿ.ಮೀ. ಆಸುಪಾಸು. ಅಂಗೈಯಲ್ಲಿ ಆಕಾಶ ತೋರಿಸುವ ವಿಡಿಯೋಗಳು ಹೇಳುವಷ್ಟು ಭೀಕರವಲ್ಲ. ದಿನಕ್ಕೆ 100 ಕಿ.ಮೀ. ಓಡಿಸುವ ಡೆಲಿವರಿ ಹುಡುಗನಿಗೆ ಲೆಕ್ಕಕ್ಕಿಲ್ಲ ಅನ್ನುವಂತೆಯೂ ಇಲ್ಲ. ಅವನಿಗೆ ಅದು ಪ್ರತಿ ತಿಂಗಳ ಖರ್ಚು.

ಇನ್ನೊಂದು ಮಗ್ಗುಲೂ ಇದೆ. ಎಥನಾಲ್ ಕಚ್ಚಾ ತೈಲದ ಆಮದು ತಗ್ಗಿಸುತ್ತೆ, ಕಬ್ಬು ಮತ್ತು ಮೆಕ್ಕೆಜೋಳಕ್ಕೆ ಮಾರುಕಟ್ಟೆ ಕೊಡುತ್ತೆ. ಅದರ ಆಕ್ಟೇನ್ ಹೆಚ್ಚು, ನಾಕಿಂಗ್ ತಡೆಯುತ್ತೆ. ಕಂಪ್ರೆಷನ್ ಏರಿಸಿ, ಇಗ್ನಿಷನ್ ಟೈಮಿಂಗ್ ಮುಂದಕ್ಕೆ ತಂದರೆ ಆ ಆಕ್ಟೇನ್‌ನಿಂದ ಕಳೆದುಕೊಂಡದ್ದರಲ್ಲಿ ಒಂದಿಷ್ಟು ವಾಪಸ್ ಪಡೆಯಬಹುದು. ಆದರೆ ಆ ಲಾಭ ಸಿಗೋದು ಎಂಜಿನ್ ಅದಕ್ಕೆ ಹೊಂದಿಕೊಂಡಿದ್ದರೆ ಮಾತ್ರ. ಬಂಕ್‌ನಲ್ಲಿ ಇಂಧನ ಬದಲಾಯಿತು, ನಿಮ್ಮ ಹಳೆಯ ಬೈಕ್‌ನ ಮ್ಯಾಪ್ ಬದಲಾಗಲಿಲ್ಲ.

ಹಾಗಾದ್ರೆ ನಾನೇ ಬದಲಿಸಿಕೊಳ್ಳಬಹುದಾ?

ಇಲ್ಲಿ ಕಾನೂನು ಅಡ್ಡ ಬರುತ್ತೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು ಅನ್ನುತ್ತೆ, ಎರಡನ್ನೂ ವಿಧಿಸಬಹುದು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಸೆಕ್ಷನ್ 190(2): 10,000 ರೂ.ವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ.

ಆರ್‌ಸಿಯಲ್ಲಿ "ಇಸಿಯು ಮ್ಯಾಪ್" ಅನ್ನೋ ಕಾಲಂ ಇಲ್ಲ. ಆದರೆ ಬೈಕ್‌ಗೆ ಸಿಕ್ಕಿರುವ ಎಮಿಷನ್ ಅನುಮೋದನೆ ಆ ಮ್ಯಾಪ್, ಆ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲ ಸೇರಿದ ಬೈಕ್‌ಗೆ ಸಿಕ್ಕಿದ್ದು. ಕನ್ವರ್ಟರ್ ಕಿತ್ತು ಹಾಕಿದ ಬೈಕ್‌ನ ವಿಷ ಹಿಂದಿನ ಬಸ್ಸಿನಲ್ಲಿ ಕೂತವರ ಎದೆಗೂ ಹೋಗುತ್ತೆ. "ನನ್ನ ಬೈಕ್, ನನ್ನ ಇಷ್ಟ" ಅನ್ನೋ ವಾದ ಇಲ್ಲಿಗೆ ನಿಲ್ಲುತ್ತೆ.

ಆದರೆ ತಪಾಸಣೆ ಹೇಗಿದೆ ನೋಡಿ. ಹೊಸ ಮಾದರಿಗೆ ಅನುಮೋದನೆ ಕೊಡುವಾಗ ಪುಣೆಯ ಎಆರ್‌ಎಐನಂಥ ಸಂಸ್ಥೆಗಳು ಡೈನೊ ಮೇಲೆಯೇ ಬೈಕ್ ಓಡಿಸಿ ಹೊಗೆ ಅಳೆಯುತ್ತವೆ. ರಸ್ತೆಗಿಳಿದ ಮೇಲೆ ನಮಗಿರೋದು ಬಂಕ್ ಪಕ್ಕದ ಎಮಿಷನ್ ಟೆಸ್ಟ್. ಅದು ಎಂಜಿನ್ ಐಡಲ್‌ನಲ್ಲಿ ನಿಂತಾಗಿನ ಹೊಗೆಯನ್ನು ಮಾತ್ರ ನೋಡುತ್ತೆ. 8,000 ಆರ್‌ಪಿಎಂನಲ್ಲಿ ತೀರಾ ರಿಚ್ ಇರುವ ಮ್ಯಾಪ್ ಅಲ್ಲಿ ಸಿಕ್ಕಿಬೀಳಲ್ಲ. ಕರ್ಕಶ ಸೈಲೆನ್ಸರ್‌ಗಳನ್ನು ಪೊಲೀಸರು ರೋಡ್ ರೋಲರ್ ಕೆಳಗೆ ಹಾಕುವ ಫೋಟೊ ಬರುತ್ತೆ. ಸದ್ದಿಲ್ಲದ ವಿಷದ ಫೋಟೊ ಬರಲ್ಲ.

ಯಂತ್ರವನ್ನು ವಂಚಿಸೋದು ಗ್ಯಾರೇಜ್ ಹುಡುಗರು ಮಾತ್ರ ಅಂದ್ಕೋಬೇಡಿ. ಕಾರು ಡೈನೊ ಮೇಲಿದೆ ಎಂದು ಗುರುತಿಸಿ ಆಗ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರ್ ಅನ್ನು ಫೋಕ್ಸ್‌ವ್ಯಾಗನ್ ವಿಶ್ವಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಹಾಕಿದ್ದು 2015ರಲ್ಲಿ ಬಯಲಾಯಿತು. ಹೊಗೆ ಹೆಚ್ಚಿಸುವ ಟ್ಯೂನರ್ ಪೆಟ್ಟಿಗೆಗಳನ್ನು ಮಾರಿದ ಆರೋಪಕ್ಕೆ ಹಾರ್ಲೆ ಡೇವಿಡ್‌ಸನ್ 2016ರಲ್ಲಿ ಅಮೆರಿಕದ ಪರಿಸರ ಸಂಸ್ಥೆಗೆ 1.2 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಅಲ್ಲಿ ದಂಡ ಬಿದ್ದದ್ದು ಮಾರಿದ ಕಂಪನಿಗೆ.

ಕೇಳಬೇಕಾದ್ದು ಏನು?

ಇಂಧನ ಬದಲಿಸಿದ್ದು ಸರ್ಕಾರ. ಹಾಗಿದ್ದ ಮೇಲೆ ಹಳೆಯ ಇಂಜೆಕ್ಷನ್ ಬೈಕ್‌ಗಳಿಗೆ ಇ20 ಮ್ಯಾಪ್ ಎಲ್ಲೆಲ್ಲಿ ಸಾಧ್ಯವೋ ಅಲ್ಲಿ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲೇ, ಕಾನೂನುಬದ್ಧವಾಗಿ, ಉಚಿತವಾಗಿ ಸಿಗಬೇಕು ಅನ್ನೋದು ನ್ಯಾಯವಾದ ಬೇಡಿಕೆ. ಇ10 ಮತ್ತು ಇ20ಯಲ್ಲಿ ಪ್ರತಿ ಮಾದರಿಯ ಪವರ್, ಮೈಲೇಜ್, ಹೊಗೆಯ ಡೈನೊ ಅಂಕಿಗಳನ್ನು ಜನರ ಮುಂದಿಡಬೇಕು. ಎಮಿಷನ್ ಟೆಸ್ಟ್ ಐಡಲ್‌ನಿಂದಾಚೆಗೆ ಹೋಗಬೇಕು.

ಅಲ್ಲಿಯವರೆಗೆ, ಟ್ರ್ಯಾಕ್‌ಗೆಂದು ಬೈಕ್ ಟ್ಯೂನ್ ಮಾಡಿಸುವವರು ದುಡ್ಡು ಕೊಡುವ ಮೊದಲು ಐದು ವಿಷಯ ಕೇಳಿ:

1. ಮೊದಲಿನ ಮತ್ತು ನಂತರದ ಓಟ ಅದೇ ಡೈನೊ, ಅದೇ ದಿನ, ಅದೇ ಗೇರ್‌ನಲ್ಲೇ?
2. ಎರಡೂ ಶೀಟ್‌ನಲ್ಲಿ ಕರೆಕ್ಷನ್ ಯಾವುದು?
3. ಪವರ್ ಗೆರೆಯ ಕೆಳಗೆ ಗಾಳಿ-ಇಂಧನ ಅನುಪಾತದ ಗೆರೆ ಇದೆಯೇ? ಅದಿಲ್ಲದ ಶೀಟ್ ಅರ್ಧ ಶೀಟ್.
4. ಟ್ಯೂನ್ ಮಾಡಿದಾಗ ಟ್ಯಾಂಕ್‌ನಲ್ಲಿದ್ದ ಪೆಟ್ರೋಲ್ ಯಾವುದು?
5. ಮೂಲ ಮ್ಯಾಪ್‌ನ ಪ್ರತಿ ಕೊಡ್ತೀರಾ, ವಾಪಸ್ ಹಾಕಬಹುದಾ?

ಇದರಲ್ಲಿ ಎರಡಕ್ಕೆ ಉತ್ತರ ಸಿಗದಿದ್ದರೂ, ಹೆಲ್ಮೆಟ್ ಹಾಕಿಕೊಂಡು ವಾಪಸ್ ಬನ್ನಿ.