ಶೆನಿಲ್: ಎರಡು ಬಾರಿ ನೇಯ್ದ ಮೃದುತ್ವ
ಕೈಹೆಣಿಗೆಯ ಹೊದಿಕೆಗಳಿಗೆ ಇಂದು ಬಳಸುವ ದಪ್ಪ ಶೆನಿಲ್ ನೂಲು, ಎಂದರೆ ನಡುವಿನ ಎಳೆಯ ಸುತ್ತ ಮೃದುವಾದ ಕುಚ್ಚುಗಳು ನಿಂತಿರುವ ನೂಲು, ಕೈಗಾರಿಕೆಯಾಗಿ ಬೆಳೆದುದರಲ್ಲಿ ಸ್ಕಾಟ್ಲೆಂಡಿನ ಪಾತ್ರ ಹಿರಿದು. ಪೈಸ್ಲಿಯಲ್ಲಿ ಶಾಲು ತಯಾರಿಸುತ್ತಿದ್ದ ಜೇಮ್ಸ್ ಟೆಂಪಲ್ಟನ್ 1839ರಲ್ಲಿ ವಿಲಿಯಂ ಕ್ವಿಗ್ಲಿಯೊಡನೆ ಶೆನಿಲ್ ನೇಯ್ಗೆಯ ವಿಧಾನಕ್ಕೆ ಪೇಟೆಂಟ್ ಪಡೆದು, ಗ್ಲಾಸ್ಗೊದಲ್ಲಿ ಅದನ್ನು ರತ್ನಗಂಬಳಿಗೆ ಅಳವಡಿಸಿದನು. ಉದ್ದದ ಎಳೆಗಳಾದ ಹಾಸನ್ನು ಗುಂಪುಗುಂಪಾಗಿ ಅಂತರ ಬಿಟ್ಟು ಬಿಗಿದು, ಬಣ್ಣದ ಉಣ್ಣೆಯನ್ನು ಅಡ್ಡಲಾಗಿ ಹೊಕ್ಕಾಗಿ ನೇಯ್ದು, ಆ ಬಟ್ಟೆಯನ್ನು ಗುಂಪುಗಳ ನಡುವೆ ಸೀಳಿದಾಗ ದೊರೆಯುವ ರೋಮಭರಿತ ಪಟ್ಟಿಗಳೇ ಎರಡನೆಯ ನೇಯ್ಗೆಗೆ ಹೊಕ್ಕಾಗುತ್ತಿದ್ದವು. ಪಟ್ಟಿಗಳೆಲ್ಲ ಒಂದೇ ತೆರನಾಗಿರುತ್ತಿದ್ದುದರಿಂದ ಮೊದಲ ಮಗ್ಗದ ತಪ್ಪು ಎಲ್ಲದರಲ್ಲೂ ಮರುಕಳಿಸುತ್ತಿತ್ತು, ಆದಕಾರಣ ಆ ನೇಕಾರರ ಜಾಗರೂಕತೆ ನಿಜಕ್ಕೂ ಗೌರವಾರ್ಹ. ಇಂದಿನ ಪಾಲಿಯೆಸ್ಟರ್ ಶೆನಿಲ್ ಯಂತ್ರದಲ್ಲಿ ತಯಾರಾದರೂ ಕುಚ್ಚನ್ನು ಹಿಡಿದಿಡುವುದು ನಡುವಿನ ಎಳೆಗಳ ಹುರಿಯೇ; ಹೊದಿಕೆ ಹೆಣೆಯುವವರು ತುದಿಯನ್ನು ಮೆಲ್ಲಗೆ ಎಳೆದು ನೋಡಿ, ರೋಮ ಉದುರದ ನೂಲನ್ನೇ ಆರಿಸಿಕೊಳ್ಳಬೇಕು.