ಮೊಹರು ನಿಜ, ಓಲೆ ಸುಳ್ಳು

ಬೀದರ ನಗರಕ್ಕೆ ಬಂದವರು ಮಹಮೂದ್ ಗವಾನನ ಮದರಸಾವನ್ನು ನೋಡದೆ ಹಿಂದಿರುಗುವುದು ವಿರಳ. 1472ರಲ್ಲಿ ಕಟ್ಟಿ ಮುಗಿಸಿದ ಆ ವಿದ್ಯಾಲಯದಲ್ಲಿ ಈಗ ಉಳಿದಿರುವುದು ಒಂದೇ ಮಿನಾರು. ಅದರ ಮೈಮೇಲಿನ ಬಣ್ಣದ ಹೆಂಚುಗಳು ಇಂದಿಗೂ ಕಣ್ಣು ಸೆಳೆಯುತ್ತವೆ. ಅದನ್ನು ಕಟ್ಟಿಸಿದ ಮಂತ್ರಿ ಮಡಿಸಿದ ಕಾಗದವೊಂದರಿಂದ ಪ್ರಾಣ ಕಳೆದುಕೊಂಡನೆಂಬುದನ್ನು ಓದುಗರು ಬಲ್ಲರಷ್ಟೆ. ನಮ್ಮ ಫೋನುಗಳಿಗೆ ದಿನವೂ ಬಂದಿಳಿಯುವ ಗಿಡ್ಡ ಲಿಂಕುಗಳನ್ನು ಕಂಡಾಗಲೆಲ್ಲ ನನಗೆ ಆ ಕಾಗದದ ನೆನಪಾಗುತ್ತದೆ.

ಗವಾನ್ ಪರ್ಷಿಯದ ಗಿಲಾನಿನಿಂದ ಬಂದವನು. ಬಹಮನಿ ರಾಜ್ಯದ ಮಂತ್ರಿಯಾಗಿ ನಾಲ್ಕು ಪ್ರಾಂತ್ಯಗಳನ್ನು ಎಂಟಾಗಿ ಒಡೆದು, ಸರದಾರರ ಅಧಿಕಾರವನ್ನು ತಗ್ಗಿಸಿದವನು. ಶತ್ರುಗಳು ಹುಟ್ಟಿಕೊಳ್ಳಲು ಅಷ್ಟು ಸಾಕಾಯಿತು. ಇತಿಹಾಸಕಾರ ಫೆರಿಷ್ತ ಹೇಳುವ ಕಥೆ ಹೀಗಿದೆ: ಗವಾನನ ಮೊಹರು ಒಬ್ಬ ಹಬಶಿ ಸೇವಕನ ವಶದಲ್ಲಿತ್ತು. ವಿರೋಧಿಗಳು ಅವನ ಸ್ನೇಹ ಬೆಳೆಸಿ, ಕುಡಿಸಿ, ಮಡಿಸಿದ ಕಾಗದವೊಂದನ್ನು ಮುಂದಿಟ್ಟು, ಇದು ನಮ್ಮವನೊಬ್ಬನ ಲೆಕ್ಕ, ಮೊಹರು ಒತ್ತು ಎಂದರು. ಅವನು ಬಿಡಿಸಿ ನೋಡದೆ ಒತ್ತಿಬಿಟ್ಟ. ಒಳಗಿದ್ದದ್ದು ಖಾಲಿ ಹಾಳೆ! ಅದರ ಮೇಲೆ ಒರಿಸ್ಸದ ರಾಜನನ್ನು ದಂಡೆತ್ತಿ ಬರಲು ಕರೆಯುವ ಓಲೆಯನ್ನು ಬರೆದು ಮೂರನೆಯ ಮಹಮ್ಮದ್ ಷಾನಿಗೆ ತೋರಿಸಿದರು. ಮೊಹರು ನನ್ನದು, ಓಲೆ ನನ್ನದಲ್ಲ ಎಂದು ಮುದುಕ ಮಂತ್ರಿ ಹೇಳಿದ್ದು ಸುಲ್ತಾನನ ಕಿವಿಗೆ ಬೀಳಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬಿಡಾರದಲ್ಲಿ ಗವಾನನ ತಲೆ ಉರುಳಿತು. ಫೆರಿಷ್ತ ಇದನ್ನು ಬರೆದದ್ದು ನೂರು ವರ್ಷಗಳಾಚೆಗೆ. ಮಾತುಕತೆಯ ವಿವರಗಳನ್ನು ಅಷ್ಟರಮಟ್ಟಿಗೆ ಎಚ್ಚರದಿಂದ ಓದಬೇಕು. ಮರಣದ ವಿಷಯದಲ್ಲಿ ಮಾತ್ರ ಸಂಶಯವಿಲ್ಲ.

ಗಿಡ್ಡ ಲಿಂಕೂ ಒಂದು ಮಡಿಸಿದ ಕಾಗದವೇ. ಉದ್ದವಾದ ವೆಬ್ ವಿಳಾಸಗಳು ಪತ್ರದಲ್ಲಿ ತುಂಡಾಗಿ ಕೆಡುತ್ತಿದ್ದ ಕಾಲದಲ್ಲಿ, 2002ರಲ್ಲಿ, ಅಮೆರಿಕದ ಕೆವಿನ್ ಗಿಲ್ಬರ್ಟ್‌ಸನ್ ಟೈನಿಯುಆರ್‌ಎಲ್ ಎಂಬ ಸೇವೆಯನ್ನು ತೆರೆದ. 2006ರಲ್ಲಿ ಬಂದ ಟ್ವಿಟರಿನಲ್ಲಿ 140 ಅಕ್ಷರಗಳ ಮಿತಿಯಿದ್ದುದರಿಂದ ಗಿಡ್ಡ ವಿಳಾಸಕ್ಕೆ ಬೆಲೆ ಏರಿತು. 2008ರಲ್ಲಿ ಬಿಟ್‌ಲಿ ಹುಟ್ಟಿತು. ಇವುಗಳ ಒಳಗೆಲ್ಲ ಒಂದು ಖಾತೆ ಪುಸ್ತಕವಿದೆಯೆಂದು ತಿಳಿಯಿರಿ: ಒಂದು ಕಡೆ ಗಿಡ್ಡ ಹೆಸರು, ಇನ್ನೊಂದು ಕಡೆ ಪೂರ್ತಿ ವಿಳಾಸ. ನೀವು ಒತ್ತಿದೊಡನೆ ಸೇವೆಯವರು, ಅಲ್ಲಿಗೆ ಹೋಗು ಎನ್ನುತ್ತಾರೆ. ಫೋನು ನಿಮ್ಮನ್ನು ಕೇಳದೆಯೆ ಹೋಗುತ್ತದೆ. ಒತ್ತುವ ಮೊದಲು ಕಾಣುವುದು ಸೇವೆಯ ಹೆಸರಷ್ಟೆ, ಎಂದರೆ ಮೊಹರು.

ಹಾಗೆಂದು ಮರೆಯಲ್ಲಿರುವುದೆಲ್ಲ ಮೋಸವೆನ್ನಲಾಗದು. ನಿಜಾಮನ ಆಳ್ವಿಕೆಯಲ್ಲಿ ಉರ್ದುವಿನದೇ ಮೇಲುಗೈಯಾಗಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಆ ಬೋರ್ಡನ್ನು ನೋಡಿ ಒಳಗಿನದನ್ನು ಊಹಿಸಿದವನು ತಪ್ಪುತ್ತಿದ್ದ. ಒಳಹೊಕ್ಕು ನೋಡಿದವನಿಗೇ ಕನ್ನಡ ಅಕ್ಷರಗಳು ಕಾಣುತ್ತಿದ್ದವು.

ಲಿಂಕಿನ ವಿಷಯದಲ್ಲಾದರೆ ಒಳಹೊಕ್ಕು ನೋಡುವುದೇ ಅಪಾಯ. ಹೊರಗೆ ನಿಂತೇ ಬಿಡಿಸಿ ನೋಡಬೇಕು. ಅದಕ್ಕೆ ದಾರಿಯುಂಟು. ಬಿಟ್‌ಲಿ ಲಿಂಕನ್ನು ನಕಲು ಮಾಡಿಕೊಂಡು ಕೊನೆಗೆ ಕೂಡಿಸುವ ಚಿಹ್ನೆಯೊಂದನ್ನು ಸೇರಿಸಿ ತೆರೆದರೆ, ಅದು ಹೋಗುವ ವಿಳಾಸದ ವಿವರ ಕಾಣುತ್ತದೆ. ಟೈನಿಯುಆರ್‌ಎಲ್ ಆದರೆ ವಿಳಾಸದ ಮುಂದೆ ಪ್ರಿವ್ಯೂ ಎಂಬ ಇಂಗ್ಲಿಷ್ ಪದವನ್ನೂ ಒಂದು ಚುಕ್ಕೆಯನ್ನೂ ಸೇರಿಸಬೇಕು. ಬೇರೆಯವಕ್ಕೆ, ಲಿಂಕನ್ನು ಬಿಡಿಸಿ ತೋರಿಸುವ ತಾಣಗಳಿವೆ. ಬೆರಳನ್ನು ಒತ್ತಿ ಹಿಡಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅದು ಬಹುಮಟ್ಟಿಗೆ ಗಿಡ್ಡ ವಿಳಾಸವನ್ನೇ ಮತ್ತೆ ತೋರಿಸುತ್ತದೆ.

ಬಿಡಿಸಿದ ಮೇಲೂ ಓದಬೇಕು, ಇಲ್ಲಿ ಅವಸರ ಕೂಡದು. ಔರಾದ ಕಡೆಯ ತೊಗರಿ ಬೆಳೆಗಾರನೊಬ್ಬನಿಗೆ, ಪಿಎಂ ಕಿಸಾನ್ ಕಂತು ನಿಂತಿದೆ, ಇಲ್ಲಿ ಒತ್ತಿ ಎಂಬ ಸಂದೇಶ ಬಂತೆನ್ನೋಣ. ವಿಳಾಸದಲ್ಲಿ ಕಿಸಾನ್ ಎಂಬ ಪದವಿದ್ದ ಮಾತ್ರಕ್ಕೆ ಅದು ಸರ್ಕಾರದ್ದಲ್ಲ. ಮೊದಲಿನ ಜೋಡಿ ಗೀಟು ದಾಟಿ, ಅನಂತರ ಬರುವ ಒಂಟಿ ಓರೆಗೀಟಿನ ತನಕ ಇರುವ ಹೆಸರನ್ನು ಬಲದಿಂದ ಎಡಕ್ಕೆ ನೋಡಬೇಕು. ಪಿಎಂ ಕಿಸಾನಿನ ನಿಜವಾದ ತಾಣದ ಹೆಸರು ಗೌ ಡಾಟ್ ಇನ್ ಎಂದು ಮುಗಿಯುತ್ತದೆ. ಬೀಗದ ಗುರುತು ಕಂಡಿತೆಂದು ನಂಬುವುದೂ ಸಲ್ಲದು. ದಾರಿಯಲ್ಲಿ ಮಾತನ್ನು ಬೇರೆಯವರು ಕದ್ದು ಕೇಳಲಾರರೆಂದಷ್ಟೇ ಅದರ ಅರ್ಥ, ಆಚೆ ಕುಳಿತವನು ಸಜ್ಜನನೆಂದಲ್ಲ. ಒಂದು ಲಿಂಕು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಕಳಿಸುವುದೂ ಉಂಟು. ಕೊನೆಗೆ ಎಪಿಕೆ ಫೈಲು ಇಳಿಸಿಕೊಳ್ಳಿ ಎಂದರೆ ಅಲ್ಲಿಗೇ ನಿಲ್ಲಿಸುವುದು ಲೇಸು.

2024ರ ಅಕ್ಟೋಬರ್ 1ರಿಂದ, ಮೊದಲೇ ನೋಂದಾಯಿಸದ ಲಿಂಕುಗಳಿರುವ ವಾಣಿಜ್ಯ ಎಸ್‌ಎಂಎಸ್‌ಗಳನ್ನು ತಡೆಯಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಕಂಪನಿಗಳಿಗೆ ವಿಧಿಸಿದೆ. ವಾಟ್ಸಾಪಿಗೆ ಈ ಕಟ್ಟುಪಾಡು ತಟ್ಟುವುದಿಲ್ಲ. ಅಣ್ಣ ಕಳಿಸಿದ, ಮಾವ ಕಳಿಸಿದನೆಂದು ಲಿಂಕುಗಳು ಮನೆಯಿಂದ ಮನೆಗೆ ಹರಿಯುವುದು ಅಲ್ಲಿಯೇ. ಕಳಿಸಿದವರೂ ಬಿಡಿಸಿ ನೋಡಿರುವುದಿಲ್ಲ, ಆ ಹಬಶಿ ಸೇವಕನಂತೆಯೇ. ಒತ್ತಿಬಿಟ್ಟು ಹಣ ಹೋದದ್ದು ತಿಳಿದರೆ ನಾಚಿಕೆಯಿಂದ ಮುಚ್ಚಿಡದೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ದಾಟುವ ಮುನ್ನ ತಡೆಹಿಡಿಯಲು ಅವಕಾಶವುಂಟು.