ಮಣಿಕಟ್ಟಿನ ಮೇಲಿನ ಚರಿತ್ರೆ

ಚರಿತ್ರೆಯ ಆಕರಗಳೆಂದರೆ ಶಾಸನ, ನಾಣ್ಯ, ಕಡತಗಳಷ್ಟೇ ಎಂದು ಭಾವಿಸಬೇಕಾಗಿಲ್ಲ. ನಮ್ಮ ಹಿರಿಯರು ಕಟ್ಟಿಕೊಳ್ಳುತ್ತಿದ್ದ ಎಚ್‌.ಎಂ.ಟಿ. ಕೈಗಡಿಯಾರವೂ ಓದಬಲ್ಲವರಿಗೆ ಒಂದು ಆಕರವೇ. ನಿವೃತ್ತಿಯ ಬಳಿಕ ಇಂತಹ ಹಳೆಯ ಗಡಿಯಾರಗಳನ್ನು ಸಂಗ್ರಹಿಸತೊಡಗಿದ ಮೇಲೆ ಈ ಮಾತು ನನಗೆ ಚೆನ್ನಾಗಿ ಮನದಟ್ಟಾಗಿದೆ.

ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌.ಎಂ.ಟಿ.ಯ ಗಡಿಯಾರ ಕಾರ್ಖಾನೆ ಸ್ಥಾಪನೆಯಾಯಿತು. ಅದರ 'ಜನತಾ' ಎಂಬ ಕೀಲಿ ಕೊಡುವ ಗಡಿಯಾರದ ಡಯಲ್ಲನ್ನು ಗಮನಿಸಿ. ಹೆಸರು ದೇವನಾಗರಿ ಲಿಪಿಯಲ್ಲಿದೆ. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ '17 ಜ್ಯುವೆಲ್ಸ್', 'ಪ್ಯಾರಾ ಶಾಕ್' ಎಂದಿದೆ. ಹದಿನೇಳು ಎಂಬುದು ಒಳಗಿನ ಚಕ್ರಗಳ ಸವೆತವನ್ನು ತಡೆಯುವ ಕೃತಕ ಮಾಣಿಕ್ಯಗಳ ಸಂಖ್ಯೆ. 'ಪ್ಯಾರಾ ಶಾಕ್' ಎಂಬುದು ಪೆಟ್ಟಿನಿಂದ ಯಂತ್ರವನ್ನು ಕಾಪಾಡಲು ಸಿಟಿಜನ್ 1956ರಲ್ಲಿ ಹೊರತಂದ ವ್ಯವಸ್ಥೆಯ ಹೆಸರು. ಸ್ವಾವಲಂಬನೆಯ ಹಂಬಲವೂ ಅದಕ್ಕೆ ಪಡೆದ ನೆರವೂ ಒಂದೇ ಫಲಕದ ಮೇಲೆ ದಾಖಲಾಗಿವೆ.

ಗಡಿಯಾರವನ್ನು ತಿರುಗಿಸಿ ನೋಡಿದರೆ, ಬೆವರು ತಾಗುವ ಹಿಂಬದಿಗೆ ತುಕ್ಕು ಹಿಡಿಯದ ಉಕ್ಕು. ಅನೇಕ ಗಡಿಯಾರಗಳ ಮೇಲ್ಕವಚ ಮಾತ್ರ ಕ್ರೋಮಿಯಂ ಲೇಪಿಸಿದ ಸಾಧಾರಣ ಲೋಹ. ದುಬಾರಿ ವಸ್ತುವನ್ನು ಅಗತ್ಯವಿದ್ದಲ್ಲಿ ಮಾತ್ರ ಬಳಸಿದ ಮಿತವ್ಯಯವಿದು. ಮುಂದೆ ವಿನ್ಯಾಸಗಳು ಬಗೆಬಗೆಯಾದವು. 'ಪೈಲಟ್' ಗಡಿಯಾರದಲ್ಲಿ ಕಪ್ಪು ಡಯಲ್ಲಿನ ಮೇಲೆ ದೂರಕ್ಕೂ ಕಾಣುವ ದೊಡ್ಡ ಅಂಕಿಗಳು ಬಂದವು. ಕೈಯ ಚಲನೆಯಿಂದಲೇ ಕೀಲಿ ತುಂಬಿಕೊಳ್ಳುವ 'ಕಾಂಚನ್' ಮದುವೆಯ ಉಡುಗೊರೆಯೆಂದು ಹೆಸರಾಯಿತು.

ಅಷ್ಟರಲ್ಲಿ ಕಾಲ ಬದಲಾಗುತ್ತಿತ್ತು. ಜಪಾನಿನ ಸೀಕೋ ಸಂಸ್ಥೆ 1969ರಲ್ಲೇ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತ್ತು. 1980ರ ದಶಕದ ಉತ್ತರಾರ್ಧದಲ್ಲಿ ಹೊಸೂರಿನ ಟೈಟನ್, ಕ್ವಾರ್ಟ್ಸ್ ಗಡಿಯಾರವನ್ನು ನಮ್ಮವರ ಕೈಗೆ ಕಟ್ಟಿತು. ಎಚ್‌.ಎಂ.ಟಿ.ಯೂ ಕ್ವಾರ್ಟ್ಸ್ ತಯಾರಿಸಿತಾದರೂ ಹಿಂದಿನ ಸ್ಥಾನ ಮರಳಿ ದೊರೆಯಲಿಲ್ಲ. ಎಚ್‌.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು.

ಹೀಗಾಗಿ ಉಳಿದಿರುವ ಹಳೆಯ ಗಡಿಯಾರಗಳೇ ಸಾಕ್ಷಿ. ಆದರೆ ಹಳೆಯ ಡಯಲ್ಲಿಗೆ ಹೊಸ ಬಣ್ಣ ಬಳಿದು, ಹಿಂದೆಂದೂ ಇಲ್ಲದ ವಿನ್ಯಾಸ ಮುದ್ರಿಸಿ, ಹಲವು ಗಡಿಯಾರಗಳ ಬಿಡಿಭಾಗಗಳನ್ನು ಕೂಡಿಸಿ ಮಾರುವ ಪರಿಪಾಠ ಪೇಟೆಯಲ್ಲಿದೆ. ಶಾಸನದ ಅಕ್ಷರಗಳ ಮೇಲೆ ಸುಣ್ಣ ಬಳಿದಂತೆ ಇದು. ನೋಟಕ್ಕೆ ಅಂದ, ಓದುವುದಕ್ಕೆ ಏನೂ ಉಳಿಯುವುದಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮ ಮನೆಯ ಬೀರುವಿನಲ್ಲಿ ತಂದೆಯವರದೋ ಅಜ್ಜನದೋ ಗಡಿಯಾರವಿದ್ದರೆ ಬಲ್ಲವರಿಂದ ಶುಚಿಗೊಳಿಸಿ, ಎಣ್ಣೆ ಹಾಕಿಸಿ. ಮಾಸಿದ ಡಯಲ್ಲಿಗೆ ಮಾತ್ರ ಬಣ್ಣ ಹಾಕಿಸಬೇಡಿ. ಅದನ್ನು ಯಾರು, ಯಾವಾಗ ಕೊಂಡರೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಹೇಳಬಲ್ಲ ಹಿರಿಯರು ಇರುವಾಗಲೇ ಆ ಕೆಲಸವಾಗಲಿ.